ಬಿಸ್ಕತ್ ಡಬ್ಬಿಯಲ್ಲಿ ಐದು ಪಾದ

ಲಂಡನ್ನಿನ ಬ್ರಿಕ್ಸ್‌ಟನ್ ಮಾರ್ಕೆಟ್ಟಿನಲ್ಲಿ ಜೀಗುಜ್ಜೆ ಸಿಗುತ್ತದೆ. ಇದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಜೀಗುಜ್ಜೆ ಅಂದರೆ ದೀವಿಹಲಸು, ಘಟ್ಟದ ಮೇಲಿನವರಿಗೆ ಹಾಗೆ ಹೇಳಿದರೆ ಗೊತ್ತಾಗಬಹುದು. ಪುತ್ತೂರಿನ ನಮ್ಮ ಹಿತ್ತಲಲ್ಲಿ ಒಂದು ಮರ ಇದೆ. ಮಳೆ ಹಿಡಿದ ದಿನ ಅಮ್ಮ ಅದರ ಪೋಡಿ ಕರಿಯುತ್ತಿದ್ದರು.

ಎಲೆಕ್ಟ್ರಿಕ್ ಅವೆನ್ಯೂ ಬೀದಿಯ ಅಂಗಡಿಯೊಂದರ ಮುಂದೆ ಆ ಹಸಿರು ಗುಂಡು ಕಾಯಿಗಳ ರಾಶಿ ಕಂಡು ನಿಂತುಬಿಟ್ಟೆ. ಒಂದನ್ನು ಎತ್ತಿ ಮೂಗಿಗೆ ಹಿಡಿದೆ. ಪಕ್ಕದಲ್ಲಿದ್ದ ಹಿರಿಯ ಹೆಂಗಸು ಅದನ್ನು ನನ್ನ ಕೈಯಿಂದ ತೆಗೆದು, "ಇದು ಇನ್ನೂ ಎಳಸು, ಇದನ್ನ ತಗೋ" ಅಂತ ಬೇರೆಯದನ್ನು ಕೊಟ್ಟರು. ಪೋಡಿಗೆ ಎಳಸೇ ಆಗಬೇಕು. ಆದರೂ ಅವರು ಕೊಟ್ಟದ್ದನ್ನೇ ತಂದೆ. ವಾಪಸ್ ಬರುವಾಗ ಇಬ್ಬರೂ ಒಂದೇ ಬಸ್ಸು ಹತ್ತಿದೆವು, ಒಂದೇ ಸ್ಟಾಪಿನಲ್ಲಿ ಇಳಿದೆವು. ಅವರ ಮನೆ ನಮ್ಮ ಮನೆಯಿಂದ ಎರಡೇ ಬಾಗಿಲು ಆಚೆ.

ಅವರನ್ನು ಆಂಟಿ ಅನ್ನುತ್ತೇನೆ. ಜಮೈಕಾದಲ್ಲೂ ಹಿರಿಯ ಹೆಂಗಸರನ್ನು ಹಾಗೇ ಕರೆಯುತ್ತಾರಂತೆ. ನನ್ನ ಹಾಗೇ ಅವರೂ ನರ್ಸ್ ಆಗಿದ್ದವರು, ಈಗ ನಿವೃತ್ತರು. ಅವರ ಕತೆ ನನಗೆ ಒಂದೇ ಸಲಕ್ಕೆ ಸಿಕ್ಕಿದ್ದಲ್ಲ. ಆರೇಳು ವರ್ಷಗಳಲ್ಲಿ, ಚೂರು ಚೂರಾಗಿ ಸಿಕ್ಕಿತು. ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ, ಹೆಸರು ಮಾತ್ರ ಬೇಡ ಅಂದಿದ್ದಾರೆ.

ಆಂಟಿ ಹುಟ್ಟಿದ್ದು 1955ರಲ್ಲಿ, ಜಮೈಕಾದ ಕ್ಲಾರೆಂಡನ್ ಸೀಮೆಯ ಒಂದು ಹಳ್ಳಿಯಲ್ಲಿ. ಅಪ್ಪ ಮೊದಲು ಇಂಗ್ಲೆಂಡಿಗೆ ಬಂದರು. 1960ರಲ್ಲಿ ಅಮ್ಮನೂ ಹೊರಟರು. ಆಗ ಹುಡುಗಿಗೆ ಐದು ವರ್ಷ. ಅಮ್ಮನ ಅಮ್ಮ, ಅಂದರೆ ಅಜ್ಜಿಯ ಹತ್ತಿರ ಅವಳನ್ನು ಬಿಟ್ಟರು. ಆ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ ನಡೆಯಿತು. ದೊಡ್ಡವರು ಮೊದಲು ಹೋಗುವುದು, ದುಡ್ಡು ಕೂಡಿಸಿ ಒಬ್ಬೊಬ್ಬರೇ ಮಕ್ಕಳನ್ನು ಕರೆಸಿಕೊಳ್ಳುವುದು. "ಇಂಥವಳನ್ನ ಕರೆಸಿಕೊಂಡರಂತೆ" ಅಂದರೆ ಊರಿಗೆಲ್ಲ ಅರ್ಥ ಆಗುತ್ತಿತ್ತಂತೆ.

ಮಗುವನ್ನು ಯಾಕೆ ಬಿಟ್ಟು ಬಂದರು ಅಂತ ಕೇಳುವುದು ಸುಲಭ. ಕಪ್ಪು ಜನರಿಗೆ ಲಂಡನ್ನಿನಲ್ಲಿ ಬಾಡಿಗೆ ಕೋಣೆ ಸಿಗುವುದೇ ಕಷ್ಟ ಇತ್ತು. ಸಿಕ್ಕಿದರೂ ಎಷ್ಟೋ ಮಾಲೀಕರು ಮಕ್ಕಳು ಬೇಡ ಅನ್ನುತ್ತಿದ್ದರು. ಬ್ಯಾಂಕುಗಳಲ್ಲಿ ಸಾಲ ಹುಟ್ಟುತ್ತಿರಲಿಲ್ಲ. ಹಾಗಾಗಿ ತಮ್ಮತಮ್ಮಲ್ಲೇ ಚೀಟಿ ಹಾಕುತ್ತಿದ್ದರು. ಜಮೈಕಾದವರು ಅದನ್ನು ಪಾರ್ಡ್‌ನರ್ ಅನ್ನುತ್ತಾರೆ. ವಾರವಾರ ಕಟ್ಟುವ ದುಡ್ಡು ಹ್ಯಾಂಡ್, ಸರದಿ ಬಂದಾಗ ಸಿಗುವ ಗಂಟು ಡ್ರಾ. ಪುತ್ತೂರಿನಲ್ಲಿ ನನ್ನ ಚಿಕ್ಕಮ್ಮ ನಡೆಸುತ್ತಿದ್ದದ್ದು ಇದೇ ಅಲ್ವಾ! 'ಒಂದೊಂದೇ ಕೋಕೋ, ಬುಟ್ಟಿ ತುಂಬ' ಅಂತ ಅವರಲ್ಲಿ ಒಂದು ಗಾದೆ ಇದೆ. ಕೋಕೋ ಅಂದರೆ ನಮ್ಮ ಕೆಸುವಿನ ಗಡ್ಡೆಯಂಥದ್ದು. ಆಂಟಿಯ ವಿಮಾನದ ಟಿಕೆಟ್ಟು ಅಂಥ ಒಂದು ಡ್ರಾದಿಂದ ಬಂತು. ಅದಕ್ಕೆ ಐದು ವರ್ಷ ಹಿಡಿಯಿತು.

ಆ ಐದು ವರ್ಷ ಅಮ್ಮ ಶೂ ಕಳಿಸುತ್ತಿದ್ದರು, ವರ್ಷಕ್ಕೊಂದು ಜೊತೆ. ಅಳತೆ ಬೇಕಲ್ಲ? ಅದಕ್ಕೆ ಅಜ್ಜಿ ಹುಡುಗಿಯನ್ನು ಕಂದು ಕಾಗದದ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲ್ ಎಳೆಯುತ್ತಿದ್ದರು. ಪೆನ್ಸಿಲ್ ಬೆರಳ ಸಂದಿಗೆ ಬಂದಾಗ ಕಚಗುಳಿ ಆಗಿ ಹುಡುಗಿ ನಗುತ್ತಿದ್ದಳು, ಗೆರೆ ಅಲ್ಲಿ ಸೊಟ್ಟಗಾಗುತ್ತಿತ್ತು. ಕಾಗದ ಮಡಿಚಿ ಲಕೋಟೆಗೆ ಹಾಕಿ ಕಳಿಸುವುದು. ಅಜ್ಜಿಗೆ ಓದು ಬರಹ ಬಾರದು. ಅವರ ಕೈಯಿಂದ ಮಗಳಿಗೆ ಹೋಗುತ್ತಿದ್ದ ಪತ್ರ ಅಂದರೆ ಅದೊಂದೇ.

ಅಮ್ಮ ಆ ಪಾದಗಳನ್ನು ಬಿಸಾಡಲಿಲ್ಲ. ಅವರು ತೀರಿಕೊಂಡ ಮೇಲೆ ಬಟ್ಟೆ ಬೀರುವಿನ ಕೆಳಗೆ ಒಂದು ಬಿಸ್ಕತ್ ಡಬ್ಬಿ ಸಿಕ್ಕಿತು. ಒಳಗೆ ಐದು ಪಾದ, 1961ರಿಂದ 1965ರವರೆಗೆ, ಒಂದರ ಮೇಲೊಂದು. ಆಂಟಿ ಅವನ್ನು ನನ್ನ ಅಡುಗೆಮನೆಯ ಟೇಬಲ್ ಮೇಲೆ ಸಾಲಾಗಿ ಹರಡಿದ್ದರು. ನಾನು ಮುಟ್ಟಲಿಲ್ಲ. ಮಡಿಕೆಯ ಜಾಗದಲ್ಲಿ ಕಾಗದ ಹರಿದೇ ಹೋಗುವಂತಿತ್ತು.

1962ರ ಆಗಸ್ಟ್ 6ರಂದು ಜಮೈಕಾ ಸ್ವತಂತ್ರ ಆಯಿತು. ಶಾಲೆಯಲ್ಲಿ ಕಪ್ಪು, ಹಸಿರು, ಹೊನ್ನಿನ ಬಣ್ಣದ ಹೊಸ ಬಾವುಟ ಹಿಡಿದು ಕುಣಿದದ್ದು ಆಂಟಿಗೆ ಚೆನ್ನಾಗಿ ನೆನಪಿದೆ. ಅದಕ್ಕೆ ಸ್ವಲ್ಪ ಮೊದಲು, ಜುಲೈ 1ರಂದು, ಇಂಗ್ಲೆಂಡಿನಲ್ಲಿ ಹೊಸ ವಲಸೆ ಕಾನೂನು ಜಾರಿಗೆ ಬಂದಿತ್ತು. ಇನ್ನು ಮುಂದೆ ಕೆಲಸಕ್ಕೆ ಬರುವವರಿಗೆ ಸರ್ಕಾರದ ಚೀಟಿ ಬೇಕು. ಆದರೆ ಹದಿನಾರರ ಒಳಗಿನ ಮಕ್ಕಳು ಅಪ್ಪ ಅಮ್ಮನ ಹತ್ತಿರ ಬರಬಹುದು. ಆ ಬಾಗಿಲೂ ಯಾವಾಗ ಮುಚ್ಚುತ್ತದೋ ಅಂತ ಅಮ್ಮನಿಗೆ ಭಯ. ಡ್ರಾ ಕೈಗೆ ಬಂದ ತಿಂಗಳೇ ಟಿಕೆಟ್ ಮಾಡಿಸಿದರು.

1965ರ ನವೆಂಬರ್. ಕಿಂಗ್‌ಸ್ಟನ್ನಿನ ಪ್ಯಾಲಿಸೇಡೋಸ್ ವಿಮಾನ ನಿಲ್ದಾಣ. ಹತ್ತು ವರ್ಷದ ಹುಡುಗಿ ಒಬ್ಬಳೇ. ಕೋಟಿಗೆ ಹೆಸರು ಬರೆದ ಚೀಟಿ ಸಿಕ್ಕಿಸಿದ್ದರು. ಅಜ್ಜಿ ಅಳಲಿಲ್ಲವಂತೆ. ಕಾಲರ್ ಸರಿ ಮಾಡಿದರು, ಮತ್ತೆ ಮತ್ತೆ ಅದನ್ನೇ ಸರಿ ಮಾಡುತ್ತಲೇ ಇದ್ದರು.

ಹೀಥ್ರೋದಲ್ಲಿ ಒಬ್ಬ ಹೆಂಗಸು ಓಡಿ ಬಂದು ಎದುರಿಗೆ ನಿಂತರು. ಮುಖ ನೋಡುವ ಮೊದಲು ಕಾಲು ನೋಡಿದರು. "ನನಗೆ ಅವರು ಯಾರು ಅಂತ ಗೊತ್ತಾಗಲಿಲ್ಲ" ಅಂದರು ಆಂಟಿ. "ಫೋಟೋದಲ್ಲಿ ಇದ್ದವರು ಸಣ್ಣಗಿದ್ದರು."

ಮನೆಗೆ ಹೋಗುವ ದಾರಿಯಲ್ಲಿ ಎಲ್ಲ ಮನೆಗಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ಪ್ರತಿ ಮನೆಯ ಮೇಲೂ ಹೊಗೆ ಕೊಳವೆ. ಹುಡುಗಿ ನೋಡಿದ್ದ ಹೊಗೆ ಕೊಳವೆ ಅಂದರೆ ಕ್ಲಾರೆಂಡನ್ನಿನ ಮೋನಿಮಸ್ಕ್ ಸಕ್ಕರೆ ಕಾರ್ಖಾನೆಯದು. ಈ ಊರಲ್ಲಿ ಇಷ್ಟೊಂದು ಸಕ್ಕರೆ ಯಾರು ತಿನ್ನುತ್ತಾರೆ ಅಂತ ಆಶ್ಚರ್ಯ ಆಯಿತಂತೆ.

ಮನೆ ಅಂದರೆ ಎರಡು ಕೋಣೆ. ಸೀಮೆಎಣ್ಣೆ ಹೀಟರಿನ ವಾಸನೆ. ಅಲ್ಲಿ ಇಬ್ಬರು ಪುಟ್ಟ ಮಕ್ಕಳು, ತಮ್ಮ ಮತ್ತು ತಂಗಿ. ಇಲ್ಲೇ ಹುಟ್ಟಿದವರು. ಅವರು ಅಮ್ಮನ ಮಡಿಲಿಗೆ ಸುಮ್ನೆ ಹತ್ತಿ ಕೂರುತ್ತಿದ್ದರು. ಈ ಹುಡುಗಿಗೆ ಅಮ್ಮನನ್ನು ಏನಂತ ಕರೆಯಬೇಕು ಅನ್ನುವುದೇ ತಿಳಿಯಲಿಲ್ಲ. ಊರಲ್ಲಿ ಮಾಮಾ, ಅಂದರೆ ಅಮ್ಮ, ಅಂತ ಕರೆಯುತ್ತಿದ್ದದ್ದು ಅಜ್ಜಿಯನ್ನು. ಹಾಗಾಗಿ ಏನೂ ಕರೆಯಲಿಲ್ಲ. ಏನಾದರೂ ಬೇಕಾದರೆ ಹತ್ತಿರ ಹೋಗಿ, ಅವರು ತಿರುಗುವ ತನಕ ನಿಲ್ಲುತ್ತಿದ್ದಳು. ಮೊದಲ ಆರು ವಾರ ಹೆಚ್ಚುಕಮ್ಮಿ ಮಾತೇ ಆಡಲಿಲ್ಲ. ಬಂದವರೆಲ್ಲ, ಎಷ್ಟು ಒಳ್ಳೆ ಹುಡುಗಿ, ಎಷ್ಟು ಬೇಗ ಹೊಂದಿಕೊಂಡಳು ಅಂದರಂತೆ.

ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೂ ನನ್ನ ಮಗನನ್ನು ಪುತ್ತೂರಿನಲ್ಲಿ ಬಿಟ್ಟು ಬಂದವಳು. ಹದಿನಾಲ್ಕು ತಿಂಗಳು. ಅವನಿಗೆ ಆಗ ಎರಡೂವರೆ ವರ್ಷ. ದಿನಾ ವಿಡಿಯೋ ಕಾಲ್ ಇತ್ತು, ಐದು ವರ್ಷದ ಕಾಗದದ ಪಾದಕ್ಕೂ ಇದಕ್ಕೂ ಹೋಲಿಕೆ ಇಲ್ಲ, ಗೊತ್ತು. ಆದರೂ ಅವನು ಬಂದಿಳಿದಾಗ ಅಜ್ಜಿಯನ್ನು ಅಮ್ಮ ಅನ್ನುತ್ತಿದ್ದ, ನನ್ನನ್ನು ಲಂಡನ್ ಅಮ್ಮ ಅನ್ನುತ್ತಿದ್ದ. ಮೊದಲ ವಾರ ಇಲ್ಲಿ ಹಗಲು ನೋಡಿಕೊಳ್ಳಲು ಅವನನ್ನು ಬಿಟ್ಟ ಕಡೆ ಇಡೀ ದಿನ "ನೀರು, ನೀರು" ಅಂದಿದ್ದಾನೆ. ಯಾರಿಗೂ ಅರ್ಥ ಆಗಿಲ್ಲ. ಸಂಜೆ ಮನೆಗೆ ಬಂದವನು ಲೋಟ ಎರಡೂ ಕೈಯಲ್ಲಿ ಹಿಡಿದು ಕುಡಿದದ್ದು ಇವತ್ತಿಗೂ ಕಣ್ಣ ಮುಂದಿದೆ. ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದವಳು ನಾನೇ. ಈಗ ಆ ಮಾತು ಬಾಯಿಗೆ ಬರುವುದಿಲ್ಲ.

ಆಂಟಿಯ ಶಾಲೆಯ ಕತೆ ಕೇಳಿದರೆ ಸಿಟ್ಟು ಬರುತ್ತದೆ. ಊರಲ್ಲಿ ಅವರು ಕಲಿತದ್ದು ಇಂಗ್ಲಿಷಿನಲ್ಲೇ. ಮಗ್ಗಿ ಬರುತ್ತಿತ್ತು, ಬೈಬಲ್ಲಿನ ಕೀರ್ತನೆಗಳು ಬಾಯಿಪಾಠ. ಇಲ್ಲಿ ಅವರ ಮಾತಿನ ಧಾಟಿ ಕೇಳಿದ ಟೀಚರು, ಇವಳಿಗೆ ಭಾಷೆಯೇ ಬರುವುದಿಲ್ಲ ಅಂತ ತೀರ್ಮಾನಿಸಿ ಪುಟ್ಟ ಮಕ್ಕಳ ಚಿತ್ರದ ಪುಸ್ತಕ ಕೊಟ್ಟರು. ಕೆಲವು ತಿಂಗಳಲ್ಲಿ ಮನೆಗೆ ಪತ್ರ ಬಂತು. ಇವಳನ್ನು ಬುದ್ಧಿ ಕಡಿಮೆ ಇರುವವರ ಶಾಲೆಗೆ ಹಾಕೋಣವೇ ಅಂತ. ಅಮ್ಮ ರಾತ್ರಿ ಪಾಳಿ ಮುಗಿಸಿ, ಆಸ್ಪತ್ರೆಯ ಸಮವಸ್ತ್ರದಲ್ಲೇ ನೇರ ಶಾಲೆಗೆ ಹೋದರು. ಹೆಡ್‌ಮಾಸ್ಟರ ಟೇಬಲ್ ಮೇಲಿದ್ದ ಪೇಪರು ತೆಗೆದು ಮಗಳ ಕೈಗೆ ಕೊಟ್ಟು, ಓದು ಅಂದರು. ಹುಡುಗಿ ಓದಿದಳು. ಪುಟ ತಿರುಗಿಸಿ ಇನ್ನೂ ಓದಿಸಿದರು.

ಎಲ್ಲ ಮಕ್ಕಳಿಗೂ ಅಂಥ ಬೆಳಿಗ್ಗೆ ಸಿಗಲಿಲ್ಲ. ಕೆರಿಬಿಯನ್ನಿನಿಂದ ಬಂದ ಮಕ್ಕಳನ್ನು ಲಂಡನ್ನಿನಲ್ಲಿ ಆ ಶಾಲೆಗಳಿಗೆ ತೀರಾ ಜಾಸ್ತಿ ಕಳಿಸುತ್ತಿದ್ದರು. 1971ರಲ್ಲಿ ಗ್ರೆನಡಾದ ಬರ್ನಾರ್ಡ್ ಕೋರ್ಡ್ ಎಂಬ ಶಿಕ್ಷಕರು ಅದನ್ನು ಒಂದು ಪುಟ್ಟ ಪುಸ್ತಕದಲ್ಲಿ ಬಯಲು ಮಾಡಿದರು. ಕಪ್ಪು ಸಮುದಾಯದ ತಂದೆತಾಯಿಗಳು ಸೇರಿ ಶನಿವಾರದ ಶಾಲೆಗಳನ್ನು ನಡೆಸಿದರು. ಆಂಟಿ ನರ್ಸ್ ಆದ ಮೇಲೂ ಚರ್ಚಿನ ಹಾಲಿನಲ್ಲಿ ಎಷ್ಟೋ ಶನಿವಾರ ಗಣಿತ ಹೇಳಿಕೊಟ್ಟಿದ್ದಾರೆ.

2018ರ ಸುದ್ದಿ ನಿಮಗೂ ನೆನಪಿರಬಹುದು. 1973ರ ಜನವರಿ 1ಕ್ಕಿಂತ ಮೊದಲು ಬಂದು ನೆಲೆಸಿದವರಿಗೆ ಇಲ್ಲಿರುವ ಹಕ್ಕು ಕಾನೂನಿನಲ್ಲೇ ಇತ್ತು, ಆದರೆ ಎಷ್ಟೋ ಜನರ ಕೈಯಲ್ಲಿ ಅದರ ಕಾಗದ ಇರಲಿಲ್ಲ. ಮಕ್ಕಳಾಗಿ ಬಂದವರು ಅರವತ್ತರ ವಯಸ್ಸಿನಲ್ಲಿ ಕೆಲಸ, ಮನೆ, ಚಿಕಿತ್ಸೆ ಕಳೆದುಕೊಂಡರು. ಕೆಲವರನ್ನು ದೇಶದಿಂದಲೇ ಕಳಿಸಿಬಿಟ್ಟರು. ಬಂದಿಳಿದ ದಿನದ ಹಳೆ ಕಾರ್ಡುಗಳನ್ನು 2010ರಲ್ಲೇ ನಾಶ ಮಾಡಿದ್ದರು ಅನ್ನುವುದೂ ಆಗ ಹೊರಬಂತು. ಆಂಟಿಗೆ ತೊಂದರೆ ಆಗಲಿಲ್ಲ. ಅಜ್ಜಿಯನ್ನು ನೋಡಲು ಹೋಗಬೇಕು ಅಂತ 1979ರಲ್ಲೇ ಪಾಸ್‌ಪೋರ್ಟ್ ಮಾಡಿಸಿದ್ದರು.

ಕಳೆದ ಭಾನುವಾರ ಜೀಗುಜ್ಜೆ ತಂದು ಅವರ ಮನೆಗೆ ಹೋದೆ. ಅವರು ಅದನ್ನು ಗ್ಯಾಸ್ ಉರಿಯ ಮೇಲೆ ಇಡಿಯಾಗಿ ಸುಡುತ್ತಾರೆ. ಸಿಪ್ಪೆ ಕರಿ ಆಗುವ ತನಕ ತಿರುಗಿಸುತ್ತಾ ಇರಬೇಕು. ಅಮ್ಮನಿಗೆ ಹತ್ತಿರ ಆದದ್ದು ಯಾವಾಗ ಅಂತ ಕೇಳಿದೆ. ತುಂಬ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ.

ಬಂದ ಮೊದಲ ರಾತ್ರಿಯದೇ ಒಂದು ಮಾತು ಹೇಳಿದರು. ಅಜ್ಜಿ ಒಂದು ಕಾಯಿ ಸುಟ್ಟು, ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಹುಡುಗಿಗೆ ನಿದ್ದೆ ಬರಲಿಲ್ಲ. ಎದ್ದು ಬಾಗಿಲ ಹತ್ತಿರ ಬಂದಳು. ಅಮ್ಮ ದೀಪ ಹಾಕದೆ ಒಲೆಯ ಪಕ್ಕ ನಿಂತಿದ್ದರು. ಆ ತಣ್ಣಗಿನ ಜೀಗುಜ್ಜೆಯನ್ನು ಕೈಯಲ್ಲೇ ಮುರಿದು ತಿನ್ನುತ್ತಿದ್ದರು. ತಿನ್ನುತ್ತಾ ಅಳುತ್ತಿದ್ದರು, ಬಾಯಿಂದ "ಮಾಮಾ, ಮಾಮಾ" ಅಂತ ಬರುತ್ತಿತ್ತು.

"ನಾನು ಅಜ್ಜಿಯನ್ನು ಕರೆಯುವ ಹಾಗೇ ಕರೆಯುತ್ತಿದ್ದರು" ಅಂದರು ಆಂಟಿ. ಆಮೇಲೆ ಗ್ಯಾಸ್ ಸಣ್ಣ ಮಾಡಿ, ಕಾಯಿಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದರು.