ಬೆಳಿಗ್ಗೆ ಬಂಡೆ, ಸಂಜೆ ಆನೆ: ಶ್ರೀಲಂಕಾ ನಡುನಾಡಿನ ಮೂರು ದಿನ

ನಕ್ಷೆಯಲ್ಲಿ ನೋಡಿದರೆ ಶ್ರೀಲಂಕಾ ಪುಟ್ಟ ದ್ವೀಪ. 65,610 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಕರ್ನಾಟಕದ ಮೂರನೇ ಒಂದು ಭಾಗ. ಆ ಲೆಕ್ಕ ನಂಬಿಕೊಂಡೇ ಜನ ಆರು ದಿನಕ್ಕೆ ಐದು ಹೋಟೆಲಿನ ಪ್ಯಾಕೇಜ್ ಹಿಡಿದು, ಕಾರಿನ ಕಿಟಕಿಯಿಂದ ತೆಂಗಿನಮರ ಎಣಿಸಿಕೊಂಡು ವಾಪಸ್ ಬರುತ್ತಾರೆ. ಕೊಲಂಬೊ ಬಳಿಯ ಕಟುನಾಯಕೆ ವಿಮಾನ ನಿಲ್ದಾಣದಿಂದ ಸಿಗಿರಿಯಾಕ್ಕೆ ಸುಮಾರು 150 ಕಿಲೋಮೀಟರ್. ಕಾರಿನಲ್ಲಿ ನಾಲ್ಕು ಗಂಟೆ ಹಿಡಿಯುತ್ತದೆ. ಗುಡ್ಡಗಾಡಿನ ಕಡೆ ಇನ್ನೂ ನಿಧಾನ.

ಪುರಾತನ ನಗರಗಳನ್ನೂ ಕಾಡಾನೆಗಳನ್ನೂ ಒಂದೇ ಸಲ ನೋಡಬೇಕೆನ್ನುವವರು ಹಬರಣ ಅಥವಾ ಸಿಗಿರಿಯಾದಲ್ಲಿ ಮೂರು ರಾತ್ರಿ ಒಂದೇ ಕಡೆ ಉಳಿದುಕೊಳ್ಳುವುದು ಒಳ್ಳೆಯದು. ಬಂಡೆಯರಮನೆಯ ಸಿಗಿರಿಯಾ, ಗುಹಾದೇಗುಲಗಳ ದಂಬುಲ್ಲ, ಹಳೆಯ ರಾಜಧಾನಿ ಪೊಲೊನ್ನರುವ, ಆನೆ ಕಾಡುಗಳಾದ ಮಿನ್ನೇರಿಯ, ಕೌಡುಲ್ಲ ಎಲ್ಲವೂ ಅಲ್ಲಿಂದ ಒಂದೂವರೆ ಗಂಟೆಯ ಒಳಗೆ ಸಿಗುತ್ತವೆ. ರಾತ್ರಿ ತಡವಾಗಿ ಇಳಿಯುವ ವಿಮಾನವಾದರೆ ಆ ರಾತ್ರಿ ನಿಲ್ದಾಣದ ಹತ್ತಿರದ ನೆಗೊಂಬೊದಲ್ಲೇ ಮಲಗಿ ಬೆಳಿಗ್ಗೆ ಹೊರಡಿ. ಹಬರಣದ ಸುತ್ತಿನ ರಸ್ತೆಗಳಲ್ಲಿ ಕತ್ತಲಾದ ಮೇಲೆ ಆನೆಗಳು ಅಡ್ಡ ಬರುತ್ತವೆ. ಅಲ್ಲಿನ ಚಾಲಕರಿಗೇ ರಾತ್ರಿ ಆ ಕಡೆ ಓಡಿಸಲು ಮನಸ್ಸಿರುವುದಿಲ್ಲ.

ಯಾವ ತಿಂಗಳು? ಇಲ್ಲಿ ನಮ್ಮವರ ಲೆಕ್ಕ ತಲೆಕೆಳಗಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡಿನಲ್ಲಿ ಮಳೆ ಹೊಯ್ಯುವಾಗ ಈ ನಡುನಾಡು ಒಣಗಿ ಬಿರಿಯುತ್ತಿರುತ್ತದೆ. ನೈಋತ್ಯ ಮುಂಗಾರನ್ನು ದ್ವೀಪದ ನಡುವಿನ ಬೆಟ್ಟಗಳು ತಡೆದು ಕೊಲಂಬೊ, ಗಾಲೆ ಕಡೆಗೇ ಸುರಿಸಿಬಿಡುತ್ತವೆ. ಘಟ್ಟ ದಾಟಿದ ಮೇಲೆ ಬಯಲುಸೀಮೆ ಬಂದಂತೆ. ಇಲ್ಲಿಗೆ ಮಳೆ ಬರುವುದು ಈಶಾನ್ಯ ಮಾರುತದಲ್ಲಿ, ಮುಖ್ಯವಾಗಿ ನವೆಂಬರ್‌ನಿಂದ ಜನವರಿಗೆ. ಆನೆ ನೋಡಲು ಆಗಸ್ಟ್, ಸೆಪ್ಟೆಂಬರ್ ಪ್ರಶಸ್ತ. ಕ್ರಿಸ್‌ಮಸ್ ರಜೆಗೆ ಹೋಗಿ ‘ಆನೆ ಹಿಂಡೇ ಕಾಣಲಿಲ್ಲ’ ಎನ್ನುವವರು ಬಹಳ. ತಪ್ಪು ಆನೆಯದಲ್ಲ.

ಇನ್ನು ಗೈಡ್ ವಿಷಯ. ಶ್ರೀಲಂಕಾ ಪ್ರವಾಸೋದ್ಯಮ ಅಭಿವೃದ್ಧಿ ಪ್ರಾಧಿಕಾರ ಗೈಡ್‌ಗಳಿಗೆ ದರ್ಜೆವಾರು ಪರವಾನಗಿ ಕೊಡುತ್ತದೆ: ಇಡೀ ದೇಶಕ್ಕೆ ರಾಷ್ಟ್ರೀಯ ಗೈಡ್, ಕಾರನ್ನೂ ಓಡಿಸುವ ಶೋಫರ್ ಗೈಡ್, ಒಂದು ಪ್ರದೇಶಕ್ಕೆ ಅಥವಾ ಒಂದೇ ತಾಣಕ್ಕೆ ಸೀಮಿತರಾದವರು. ನಮ್ಮಂಥ ನಾಲ್ಕೈದು ಜನರ ಕುಟುಂಬಕ್ಕೆ ಶೋಫರ್ ಗೈಡ್ ಸರಿಹೊಂದುತ್ತಾರೆ. ಅಗ್ಗಕ್ಕೆ ಸಿಗುವ ಬರೀ ಡ್ರೈವರ್ ಕೂಡ ಫೋನಿನಲ್ಲಿ ತನ್ನನ್ನು ಗೈಡ್ ಎಂದೇ ಕರೆದುಕೊಳ್ಳಬಹುದು. ಆಮೇಲೆ ಪೊಲೊನ್ನರುವದ ಗೇಟಿನಲ್ಲಿ ನಿಮ್ಮನ್ನು ಇಳಿಸಿ ತಾನು ಮರದ ನೆರಳಿಗೆ ಹೋಗುತ್ತಾನೆ. ಹಾಗಾಗಿ ಮುಂಗಡ ಕೊಡುವ ಮೊದಲು ಪರವಾನಗಿ ಕಾರ್ಡಿನ ಫೋಟೊ ಕೇಳಿ. ಡೀಸೆಲ್, ಪಾರ್ಕಿಂಗ್, ಟೋಲ್, ಅವರ ರಾತ್ರಿ ವಸತಿ ಮತ್ತು ಊಟ ಯಾರ ಲೆಕ್ಕ ಎನ್ನುವುದನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಅಂಗಡಿ ಭೇಟಿ ಬೇಡ ಎನ್ನುವುದನ್ನು ಹೊರಡುವ ಮುಂಚೆಯೇ ಹೇಳಿಬಿಡಿ. ದಾರಿಯಲ್ಲಿ ಹೇಳಿದರೆ ಮುಖ ಬಾಡುತ್ತದೆ. ರತ್ನದ ಅಂಗಡಿ, ಬಾಟಿಕ್, ಮರಗೆತ್ತನೆ, ಮಾತಲೆಯ ಮಸಾಲೆ ತೋಟ ಎಲ್ಲದರಲ್ಲೂ ಕರೆತಂದವರಿಗೆ ಕಮಿಷನ್ ಇರುತ್ತದೆ. ಮಸಾಲೆ ತೋಟ ನೋಡಲು ದುಡ್ಡಿಲ್ಲ, ಕೊನೆಯಲ್ಲಿ ತೈಲ ಮಾರುವಾಗ ದುಡ್ಡು. ಮೆಣಸಿನ ಬಳ್ಳಿ, ಏಲಕ್ಕಿ, ಜಾಯಿಕಾಯಿಯನ್ನು ಶಿರಸಿ, ಮೂಡಿಗೆರೆಯವರಿಗೆ ದುಬಾರಿ ಬೆಲೆಗೆ ತೋರಿಸುವುದರಲ್ಲಿ ಏನು ಅರ್ಥವಿದೆಯೋ!

ಟಿಕೆಟ್ಟಿನಲ್ಲಿ ಒಂದು ಅನುಕೂಲ ಇದೆ. ಸಿಗಿರಿಯಾ, ಪೊಲೊನ್ನರುವದಂಥ ತಾಣಗಳಲ್ಲಿ ವಿದೇಶಿಯರ ದರ ಡಾಲರ್ ಲೆಕ್ಕದಲ್ಲಿ ಸಾಕಷ್ಟು ಭಾರ, ಆದರೆ ಭಾರತವೂ ಸೇರಿ ಸಾರ್ಕ್ ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ ಅದಕ್ಕಿಂತ ಸಾಕಷ್ಟು ಕಡಿಮೆ. ಅಸಲು ಪಾಸ್‌ಪೋರ್ಟೇ ಕೈಯಲ್ಲಿರಲಿ. ಗೈಡ್ ಕೈಗೆ ದುಡ್ಡು ಕೊಟ್ಟು ‘ನೀವೇ ತನ್ನಿ’ ಎಂದರೆ ಪೂರ್ತಿ ದರದ ಚೀಟಿ ಬರುವ ಸಂಭವವಿದೆ. ಅಮೆರಿಕದ ಪಾಸ್‌ಪೋರ್ಟ್ ಇರುವ ಮಗ, ಸೊಸೆ ಜೊತೆಗಿದ್ದರೆ ಅವರಿಗೆ ಪೂರ್ತಿ ದರವೇ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡು ಇಲ್ಲಿ ಲೆಕ್ಕಕ್ಕಿಲ್ಲ.

ಮೊದಲ ದಿನ ಸಿಗಿರಿಯಾ, ಅದೂ ಗೇಟು ತೆರೆಯುವ ಹೊತ್ತಿಗೆ. ಸುತ್ತಲಿನ ನೆಲದಿಂದ ಸುಮಾರು 180 ಮೀಟರ್ ಎದ್ದು ನಿಂತ ಒಂಟಿ ಬಂಡೆ. ತುದಿಗೆ 1,200ರಷ್ಟು ಮೆಟ್ಟಿಲು. ಒಂಬತ್ತರ ನಂತರ ಪ್ರವಾಸಿ ಬಸ್ಸುಗಳು ಬಂದರೆ ಚಿತ್ರಗಳಿರುವ ಕಡೆಗೆ ಹತ್ತುವ ಕಬ್ಬಿಣದ ಸುರುಳಿ ಮೆಟ್ಟಿಲಲ್ಲಿ ಸಾಲು ನಿಂತುಬಿಡುತ್ತದೆ. ಮುಂದೆ ಹೋಗುವ ಹಾಗಿಲ್ಲ, ಹಿಂದೆ ಬರುವ ಹಾಗಿಲ್ಲ, ಮೇಲೆ ಬಿಸಿಲು. ಐದನೇ ಶತಮಾನದಲ್ಲಿ ತಂದೆ ಧಾತುಸೇನನನ್ನು ಕೊಲ್ಲಿಸಿ ಪಟ್ಟಕ್ಕೇರಿದ ಕಾಶ್ಯಪ, ತಮ್ಮ ಮೊಗ್ಗಲ್ಲಾನನ ಭಯದಲ್ಲಿ ಇಲ್ಲಿ ಅರಮನೆ ಕಟ್ಟಿದ ಎನ್ನುವುದು ವಂಶಾವಳಿ ಗ್ರಂಥದ ಕಥೆ. ಈಗ ಉಳಿದಿರುವ ಅಪ್ಸರೆಯರ ಚಿತ್ರಗಳು ಇಪ್ಪತ್ತು ಚಿಲ್ಲರೆ. 1967ರಲ್ಲಿ ಯಾರೋ ಅವುಗಳ ಮೇಲೆ ಬಣ್ಣ ಎರಚಿ ಹಾಳುಮಾಡಿದ್ದರು. ಈಗ ಅಲ್ಲಿ ಫೋಟೊ ನಿಷಿದ್ಧ, ಕಾವಲುಗಾರರು ಸುಮ್ಮನೆ ಬಿಡುವುದಿಲ್ಲ.

ಚಿತ್ರಗಳಿಗಿಂತ ಅದರ ಕೆಳಗಿನ ಕನ್ನಡಿ ಗೋಡೆಯ ಹತ್ತಿರ ಹೆಚ್ಚು ಹೊತ್ತು ನಿಲ್ಲಿ ಎನ್ನುತ್ತೇನೆ. ಸಾವಿರ ವರ್ಷದ ಹಿಂದೆ ಬಂದ ಯಾತ್ರಿಕರು ಆ ಚಿತ್ರದ ಹೆಂಗಸರನ್ನು ನೋಡಿ ನುಣುಪಾದ ಗಾರೆಯ ಮೇಲೆ ಪದ್ಯ ಗೀಚಿದ್ದಾರೆ. ಪುರಾತತ್ವಜ್ಞ ಸೇನರತ್ ಪರಣವಿತಾನ ಅಂಥ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಬೆಳಗಿನ ಓರೆ ಬೆಳಕಿನಲ್ಲಿ ಅಕ್ಷರಗಳು ಕಣ್ಣಿಗೆ ಬೀಳುತ್ತವೆ, ನಡುಹಗಲಲ್ಲಿ ಬರೀ ಹಳದಿ ಗೋಡೆ. ಸಿಂಹದ ಪಾದಗಳಿರುವ ಕಟ್ಟೆಯ ಹತ್ತಿರ ಕಣಜದ ಹುಳುಗಳ ಬಗ್ಗೆ ಎಚ್ಚರಿಕೆ ಫಲಕಗಳಿವೆ, ಅವು ತಮಾಷೆಗಲ್ಲ, ಕೂಗಾಡಬೇಡಿ. ಮಂಡಿ ನೋವಿನವರು ಈ ಕಟ್ಟೆಯಲ್ಲೇ ಕೂತು ಉಳಿದವರಿಗಾಗಿ ಕಾಯಬಹುದು, ಮುಖ್ಯವಾದದ್ದೆಲ್ಲ ಅಷ್ಟರಲ್ಲಿ ಕಂಡಾಗಿರುತ್ತದೆ. ತಲಾ ಒಂದು ಲೀಟರ್ ನೀರು ಸಾಕು, ಆದರೆ ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ. ತಲೆಯ ಮೇಲೆ ಕ್ರಾಪು ಬಾಚಿದಂತೆ ಕಾಣುವ ರಿಲವ ಕೋತಿ ಈ ದ್ವೀಪದಲ್ಲಿ ಮಾತ್ರ ಇರುವಂಥದ್ದು, ಕಸಿಯುವುದರಲ್ಲಿ ನಮ್ಮ ಕೋತಿಗಳ ಸ್ವಂತ ತಮ್ಮ.

ಹತ್ತಕ್ಕೆ ಇಳಿದು, ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಮೂರರ ಹೊತ್ತಿಗೆ ಸಫಾರಿ ಜೀಪ್ ಹತ್ತಬೇಕು. ಮಿನ್ನೇರಿಯ ಕೆರೆಯನ್ನು ಮಹಾಸೇನ ರಾಜ ಕಟ್ಟಿಸಿದ್ದು ಸುಮಾರು 1,700 ವರ್ಷದ ಹಿಂದೆ. ಬೇಸಗೆಯಲ್ಲಿ ನೀರು ಹಿಂದೆ ಸರಿದಂತೆ ಕೆರೆಯಂಗಳದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡು ಒಣಗಿರುವಾಗ ಹುಲ್ಲು, ನೀರು ಎರಡೂ ಒಂದೇ ಕಡೆ. ಇನ್ನೂರು, ಮುನ್ನೂರು ಆನೆಗಳ ತನಕ ಸೇರುತ್ತವೆ. ಕಬಿನಿಯ ಹಿನ್ನೀರಿನಲ್ಲಿ ಏಪ್ರಿಲ್, ಮೇನಲ್ಲಿ ನೋಡಿದವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ. ತಿಂಗಳು ಬೇರೆ, ಕಾರಣ ಒಂದೇ.

ಎಡವಟ್ಟಾಗುವುದು ಎಲ್ಲಿ ಎಂದರೆ, ಟಿಕೆಟ್ಟನ್ನು ಬೆಂಗಳೂರಿನಿಂದಲೇ ‘ಮಿನ್ನೇರಿಯ ಸಫಾರಿ’ ಎಂದು ಕಾಯಂ ಮಾಡಿಕೊಂಡಾಗ. ಮೇಲ್ಗಡೆ ಮೊರಗಹಕಂದ ಜಲಾಶಯ ಬಂದ ಮೇಲೆ ಕೆಲವು ವರ್ಷ ಬೇಸಗೆಯಲ್ಲೂ ಕೆರೆಗೆ ನೀರು ಬಿಡುತ್ತಾರೆ. ನೀರಿಳಿಯದಿದ್ದರೆ ಹುಲ್ಲುಗಾವಲೇ ಮುಳುಗಿರುತ್ತದೆ, ಆನೆಗಳು ಪಕ್ಕದ ಕೌಡುಲ್ಲಕ್ಕೋ ಹುರುಲು ಕಾಡಿಗೋ ಹೋಗುತ್ತವೆ. ಮೂರೂ ಕಾಡು ಆನೆಗಳಿಗೆ ಒಂದೇ; ಬೇಲಿ, ಟಿಕೆಟ್ಟು ಎಲ್ಲ ನಮಗೆ. ಆದ್ದರಿಂದ ಹಬರಣದ ಜೀಪಿನವರನ್ನು ಆ ದಿನ ಮಧ್ಯಾಹ್ನ ‘ನಿನ್ನೆ ಸಂಜೆ ಆನೆ ಎಲ್ಲಿದ್ದವು?’ ಎಂದು ಕೇಳಿ, ಅವರು ಹೇಳಿದ ಕಡೆ ಹೋಗಿ. ಪ್ರವೇಶ ಶುಲ್ಕದಲ್ಲಿ ತಲಾವಾರು ದರದ ಜೊತೆ ಇಡೀ ಗುಂಪಿಗೊಂದು ಸೇವಾ ಶುಲ್ಕ, ವಾಹನ ಶುಲ್ಕ, ಮೇಲೆ ತೆರಿಗೆ ಸೇರುತ್ತದೆ. ಇಬ್ಬರಿಗೆ ದುಬಾರಿ ಎನಿಸಿದ್ದು ಆರು ಜನಕ್ಕೆ ಹಗುರಾಗುತ್ತದೆ. ಆದರೂ ಒಂದು ಜೀಪಿನಲ್ಲಿ ಆರಕ್ಕಿಂತ ಹೆಚ್ಚು ಬೇಡ, ನಡುವೆ ಕೂತವರಿಗೆ ಮುಂದಿನವರ ಬೆನ್ನೇ ವನ್ಯಜೀವಿ.

ಇಲ್ಲಿ ಕನ್ನಡದವರು ಮಾಡುವ ಒಂದು ತಪ್ಪು ಕುತೂಹಲದ್ದು. ದಂತವಿಲ್ಲದ್ದನ್ನೆಲ್ಲ ಹೆಣ್ಣಾನೆ ಎಂದುಕೊಳ್ಳುತ್ತಾರೆ. ನಾಗರಹೊಳೆ, ಬಂಡೀಪುರದಲ್ಲಿ ಗಂಡೆಂದರೆ ಸಾಮಾನ್ಯವಾಗಿ ದಂತ ಇದ್ದೇ ಇರುತ್ತದೆ, ದಂತವಿಲ್ಲದ ಗಂಡು, ಅಂದರೆ ಮಕ್ನಾ, ಅಪರೂಪ. ಶ್ರೀಲಂಕಾದಲ್ಲಿ ತದ್ವಿರುದ್ಧ: ದಂತವಿರುವ ಗಂಡು ನೂರಕ್ಕೆ ಹತ್ತೂ ಇಲ್ಲ. ಸಿಂಹಳದಲ್ಲಿ ದಂತವಿರುವುದು ‘ಎತಾ’, ಇಲ್ಲದ್ದು ‘ಅಲಿಯಾ’, ಹೆಸರೇ ಬೇರೆ. ಸೊಂಡಿಲಿನ ಬುಡ ದಪ್ಪಗಿದ್ದು, ಮೈ ದೊಡ್ಡದಾಗಿ, ಹಿಂಡಿನಿಂದ ಒಂದಿಷ್ಟು ದೂರ ನಿಂತದ್ದನ್ನು ಗಂಡೆಂದೇ ತಿಳಿದು ಚಾಲಕನಿಗೆ ಜಾಗ ಬಿಟ್ಟು ನಿಲ್ಲಿಸಲು ಹೇಳಿ. ಕಿವಿ ಅಗಲಿಸಿ ತಲೆ ಕೊಡವಿದರೆ ಅದು ಎಚ್ಚರಿಕೆ. ಹೆಚ್ಚು ಭಕ್ಷೀಸಿನ ಆಸೆಗೆ ಜೀಪುಗಳು ಮರಿಯಿರುವ ಹಿಂಡನ್ನು ಸುತ್ತುವರಿಯುವುದು ಇಲ್ಲಿನ ದೊಡ್ಡ ಪಿಡುಗು. ‘ಹತ್ತಿರ ಬೇಡ, ಎಂಜಿನ್ ಆಫ್ ಮಾಡಿ’ ಎಂದು ಹೊರಡುವಾಗಲೇ ಹೇಳಿದರೆ ಚಾಲಕರು ಸಂತೋಷದಿಂದಲೇ ಕೇಳುತ್ತಾರೆ. ಅಂದಹಾಗೆ ಹುಲಿ ಕೇಳಬೇಡಿ, ಈ ದ್ವೀಪದಲ್ಲಿ ಹುಲಿಯೇ ಇಲ್ಲ. ಇಲ್ಲಿ ಕಾಡಿನ ದೊರೆ ಚಿರತೆ, ಅದಕ್ಕೆ ದಕ್ಷಿಣದ ಯಾಲಕ್ಕೋ ವಾಯವ್ಯದ ವಿಲ್ಪತ್ತುವಿಗೋ ಹೋಗಬೇಕು. ಯಾಲದ ಮುಖ್ಯ ಭಾಗವನ್ನು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಮುಚ್ಚುತ್ತಾರೆ.

ಎರಡನೇ ದಿನ ಪೊಲೊನ್ನರುವ. ಟಿಕೆಟ್ ಕೊಡುವುದು ವಸ್ತುಸಂಗ್ರಹಾಲಯದಲ್ಲಿ; ಕಟ್ಟಡಗಳು ಮೊದಲು ಹೇಗಿದ್ದವು ಎಂಬ ಮಾದರಿಗಳು ಅಲ್ಲಿವೆ, ಅರ್ಧ ಗಂಟೆ ಕೊಡಿ. ಅವನ್ನು ನೋಡದೆ ಹೋದರೆ ಬರೀ ಕಂಬಗಳ ತೋಪು. ಕಲ್ಲುಕಟ್ಟೆಗಳ ಮೇಲೆ ಚಪ್ಪಲಿ, ಟೋಪಿ ಎರಡೂ ಇಲ್ಲ. ಹನ್ನೊಂದರ ಮೇಲೆ ಕಲ್ಲು ಕಾದ ಕಾವಲಿ, ಒಂದು ಜೊತೆ ದಪ್ಪ ಕಾಲುಚೀಲ ಜೇಬಿನಲ್ಲಿರಲಿ. ಮೊಣಕಾಲು, ಭುಜ ಮುಚ್ಚುವ ಬಟ್ಟೆ ಕಡ್ಡಾಯ. ಬುದ್ಧನಿಗೆ ಬೆನ್ನು ತಿರುಗಿಸಿ ನಿಂತು ಫೋಟೊ ತೆಗೆಸಿಕೊಳ್ಳುವುದು ಇಲ್ಲಿ ಅಪಚಾರ, ಸೆಲ್ಫಿಯೂ ಅದೇ ಲೆಕ್ಕ. ಪಕ್ಕಕ್ಕೆ ನಿಂತು, ಮುಖ ಮೂರ್ತಿಯ ಕಡೆಗಿರಲಿ.

ವಟದಾಗೆ ಎಂಬ ದುಂಡಗಿನ ಸ್ತೂಪಗೃಹದ ಮೆಟ್ಟಿಲ ಬುಡದ ಅರ್ಧಚಂದ್ರ ಶಿಲೆಯನ್ನು ಬಗ್ಗಿ ನೋಡಿ. ಇದಕ್ಕೂ ಹಿಂದಿನ ರಾಜಧಾನಿ ಅನುರಾಧಪುರದ ಇಂಥ ಶಿಲೆಗಳಲ್ಲಿ ಆನೆ, ಕುದುರೆ, ಸಿಂಹ, ಎತ್ತು ಸಾಲಾಗಿ ನಡೆಯುತ್ತವೆ. ಇಲ್ಲಿ ಎತ್ತು ಮಾಯ. ಚೋಳರ ಆಳ್ವಿಕೆಯ ಬಳಿಕ ಶೈವ ಪ್ರಭಾವ ಬೆಳೆದು, ನಂದಿಯನ್ನು ತುಳಿಯಬಾರದೆಂದು ಕೈಬಿಟ್ಟರು ಎಂಬುದು ಎಲ್ಲರೂ ಕೊಡುವ ವಿವರಣೆ. ಅದಕ್ಕೆ ಸಾಕ್ಷಿಯಂತೆ ಸ್ವಲ್ಪ ಆಚೆಗೆ ‘ಶಿವ ದೇವಾಲಯ ಸಂಖ್ಯೆ 2’ ಎಂದು ಗುರುತಿಸುವ ಗುಡಿಯಿದೆ. ರಾಜರಾಜ ಚೋಳನ ರಾಣಿಯ ಹೆಸರಿನ ವಾನವನ್ ಮಾದೇವಿ ಈಶ್ವರ, ಪೂರ್ತಿ ಕಲ್ಲಿನದು, ಈ ಊರಿನಲ್ಲಿ ಉಳಿದಿರುವುದರಲ್ಲಿ ಅತ್ಯಂತ ಹಳೆಯ ಕಟ್ಟಡ. ತಲಕಾಡಿನ ಗಂಗರನ್ನು ಸೋಲಿಸಿದ ಚೋಳರೇ ಇವರು, ಅದೇ ತಲೆಮಾರು. ವಿಮಾನದ ಚಿಕ್ಕ ಶಿಖರ ನೋಡಿದರೆ ಸಮುದ್ರ ದಾಟಿ ಬಂದದ್ದು ಮರೆತುಹೋಗುತ್ತದೆ. ಬಹುಪಾಲು ಗೈಡ್‌ಗಳು ಇದನ್ನು ಕಾರಿನಿಂದಲೇ ಬೆರಳು ಮಾಡಿ ದಾಟಿಬಿಡುತ್ತಾರೆ, ನಿಲ್ಲಿಸಿ ಎನ್ನಿ.

ಗಲ್ ವಿಹಾರವನ್ನು ಕೊನೆಗಿಡಿ. ಒಂದೇ ಬಂಡೆಯಲ್ಲಿ ಕಡೆದ ನಾಲ್ಕು ಮೂರ್ತಿಗಳು, ಮಲಗಿದ ಬುದ್ಧನ ಉದ್ದ 14 ಮೀಟರ್. ಪಾದಗಳ ಕಡೆ ಹೋಗಿ ನೋಡಿ: ಒಂದು ಪಾದ ಇನ್ನೊಂದಕ್ಕಿಂತ ತುಸು ಹಿಂದೆ ಸರಿದಿದೆ. ನಿದ್ದೆಯಲ್ಲ, ಪರಿನಿರ್ವಾಣ ಎಂದು ಶಿಲ್ಪಿ ಸೂಚಿಸಿದ್ದು ಹಾಗೆ. ತಲೆದಿಂಬು ತಲೆಯ ಭಾರಕ್ಕೆ ತಗ್ಗಿದ್ದನ್ನೂ ಕಲ್ಲಿನಲ್ಲೇ ತೋರಿಸಿದ್ದಾನೆ ಪುಣ್ಯಾತ್ಮ.

ಸಸ್ಯಾಹಾರಿಗಳಿಗೆ ಒಂದು ಮಾತು. ತರಕಾರಿ ಊಟ ಎಂದರೂ ಅದರಲ್ಲಿ ‘ಉಂಬಲಕಡ’ ಇರಬಹುದು. ಅದು ಒಣಗಿಸಿದ ಮಾಲ್ಡೀವ್ಸ್ ಮೀನಿನ ಚೂರು. ಪೊಲ್ ಸಂಬೋಲ ಎಂಬ ತೆಂಗಿನಕಾಯಿ ಚಟ್ನಿಗೂ ಕೆಲವು ಪಲ್ಯಗಳಿಗೂ ರುಚಿಗೆಂದು ಬೀಳುತ್ತದೆ. ಬಡಿಸುವವರ ಮಟ್ಟಿಗೆ ಅದು ಮೀನಲ್ಲ, ಒಗ್ಗರಣೆ. ‘ಮಾಳು ಎಪಾ’ ಎಂದರೆ ಮೀನು ಬೇಡ ಎಂದಷ್ಟೇ ಆಗುತ್ತದೆ, ‘ಉಂಬಲಕಡ ದಾನ್ನ ಎಪಾ’ ಎಂದೂ ಸೇರಿಸಿ. ಇಂದಿಆಪ್ಪ ನಮ್ಮ ಒತ್ತು ಶಾವಿಗೆಯ ಹತ್ತಿರದ ನೆಂಟ, ಜೊತೆಗೆ ಬರುವ ಬೇಳೆ ಪರಿಪ್ಪು ತೆಂಗಿನಹಾಲಿನದು. ಎಮ್ಮೆ ಮೊಸರಿಗೆ ಕಿತುಲ್ ಪಾಕ ಸುರಿದು ಕೊಟ್ಟರೆ ಬೇಡ ಎನ್ನಬೇಡಿ. ಕಿತುಲ್ ಎಂದರೆ ನಮ್ಮ ಬೈನೆ ಮರವೇ.

ಮೂರನೇ ದಿನ ದಂಬುಲ್ಲದ ಐದು ಗುಹೆಗಳು, ನಂತರ ಕ್ಯಾಂಡಿ. ದಂಬುಲ್ಲದಲ್ಲಿ ಟಿಕೆಟ್ ಕೌಂಟರ್ ಕೆಳಗೇ ಇದೆ, ಅದೂ ಮೆಟ್ಟಿಲ ಬುಡದಲ್ಲಿ ಅಲ್ಲ. ಚೀಟಿ ಇಲ್ಲದೆ ಹತ್ತಿದವರನ್ನು ಮೇಲಿನಿಂದ ವಾಪಸ್ ಕಳಿಸುತ್ತಾರೆ. ಎರಡನೇ ಗುಹೆಯಲ್ಲಿ ಬುದ್ಧರ ನಡುವೆ ವಿಷ್ಣುವೂ ಇದ್ದಾನೆ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಎರಡು ನಿಮಿಷ ಕೊಟ್ಟು ಹುಡುಕಿ.

ಕ್ಯಾಂಡಿಗೆ 72 ಕಿಲೋಮೀಟರ್, ಎರಡೂವರೆ ಗಂಟೆ. ಐದು ಗಂಟೆಯ ಕ್ಯಾಂಡಿ ನೃತ್ಯ ಪ್ರದರ್ಶನ ಮುಗಿಸಿಕೊಂಡು ನಡೆದರೆ ಬುದ್ಧನ ಹಲ್ಲನ್ನು ಇಟ್ಟಿರುವ ದಂತ ಮಂದಿರದ ಆರೂವರೆಯ ಪೂಜೆ ಸಿಗುತ್ತದೆ. ಹುಣ್ಣಿಮೆ ದಿನವಾದರೆ ಈ ಲೆಕ್ಕ ನಡೆಯದು: ಪ್ರತಿ ಹುಣ್ಣಿಮೆಯೂ ಅಲ್ಲಿ ಪೋಯ ರಜೆ, ಬಿಳಿ ಬಟ್ಟೆಯ ಭಕ್ತರ ಸಾಗರ, ಮದ್ಯದಂಗಡಿಗಳು ಬಂದ್. ಮೇಲಂತಸ್ತಿನ ಬಾಗಿಲು ತೆರೆದಾಗ ಕಾಣುವುದು ದಂತವಲ್ಲ, ಅದನ್ನಿಟ್ಟ ಚಿನ್ನದ ಕರಂಡಕ, ಅದೂ ಕೆಲವೇ ಕ್ಷಣ. ಮಕ್ಕಳಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ‘ಹಲ್ಲೆಲ್ಲಿ?’ ಎಂದು ಜೋರಾಗಿ ಕೇಳುತ್ತವೆ. ಈ ಮಂದಿರದ ಒಡೆಯನಾಗಿದ್ದ ಕೊನೆಯ ಕ್ಯಾಂಡಿ ದೊರೆ ಶ್ರೀ ವಿಕ್ರಮ ರಾಜಸಿಂಹನನ್ನು ಬ್ರಿಟಿಷರು 1815ರಲ್ಲಿ ಪದಚ್ಯುತಗೊಳಿಸಿ ವೆಲ್ಲೂರಿಗೆ ಸಾಗಿಸಿದರು. ಅವನು 1832ರಲ್ಲಿ ತೀರಿಕೊಂಡದ್ದು ಅಲ್ಲೇ, ಸಮಾಧಿಯೂ ಅಲ್ಲೇ ಇದೆ. ಬೆಂಗಳೂರಿನಿಂದ ಚೆನ್ನೈಗೆ ಹೋಗುವಾಗ ದಾರಿಯಲ್ಲೇ ಸಿಗುವ ಊರು.