ಹೆಂಪ್ ನೂಲು ಮತ್ತು ಒಣಗಿದ ಬತ್ತಿ

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ನೂಲಿನ ಗಿರಣಿಗೆ ಶೇಕಡಾ 30 ಹೆಂಪ್, 70 ಹತ್ತಿಯ ಮಿಶ್ರಣದಲ್ಲಿ 20ರ ಕೌಂಟ್ (ನೂಲು ಎಷ್ಟು ಸಣ್ಣದೆನ್ನುವ ಅಳತೆ) ನೂಲಿಗೆ ಆರ್ಡರ್ ಬಂದಾಗ, ಆಡಳಿತದವರು ಕೇಳಿದ್ದು ದರ ಮತ್ತು ಡೆಲಿವರಿ ದಿನಾಂಕವನ್ನು ಮಾತ್ರ. ಕಚ್ಚಾ ಮಾಲಿನ ಬಗ್ಗೆ ಪ್ರಶ್ನೆ ಎತ್ತಿದವರೆಂದರೆ ಗೇಟಿನ ಸೆಕ್ಯುರಿಟಿಯವರೊಬ್ಬರೇ. "ಇದು ಗಾಂಜಾ ಗಿಡದ್ದೇ ಅಲ್ವಾ ಸಾರ್?" ಎಂದು ಅವರು ಲಾರಿಯನ್ನು ತಡೆದಿದ್ದರು. ಗಿಡ ಅದೇ ಜಾತಿಯದಾದರೂ ಇದು ಅಮಲಿಲ್ಲದ ತಳಿಯ ಕಾಂಡದ ಸಿಪ್ಪೆಯಿಂದ ತೆಗೆದ ನಾರು ಎಂದು ವಿವರಿಸಿದ ಮೇಲೆಯೇ ಬೇಲುಗಳು ಒಳಗೆ ಬಂದವು.

ನಾರನ್ನು ಬಿಡಿಸಿ ಶುಚಿಮಾಡುವ ಬ್ಲೋರೂಮ್ ಮತ್ತು ಅದನ್ನು ಬಾಚುವ ಕಾರ್ಡಿಂಗ್‌ನಲ್ಲಿ ಕಾಂಡದ ಸಣ್ಣ ಸಿಬರುಗಳು ಉದುರಿ ವೇಸ್ಟ್ ಹೆಚ್ಚಾಯಿತೇ ಹೊರತು ದೊಡ್ಡ ತೊಂದರೆಯೇನೂ ಆಗಲಿಲ್ಲ. ತೊಂದರೆ ಶುರುವಾದದ್ದು ಏಪ್ರಿಲ್ ತಿಂಗಳ ಒಂದು ನೈಟ್ ಶಿಫ್ಟಿನಲ್ಲಿ, ನೂಲನ್ನು ಹೊಸೆದು ಸುತ್ತುವ ರಿಂಗ್ ಫ್ರೇಮಿನ ಮುಂದೆ. ಒಂದು ಎಳೆಯನ್ನು ಪೀಸಿಂಗ್ ಮಾಡುವಷ್ಟರಲ್ಲಿ, ಅಂದರೆ ಹರಿದದ್ದನ್ನು ಜೋಡಿಸುವಷ್ಟರಲ್ಲಿ, ಪಕ್ಕದ ನಾಲ್ಕು ಎಳೆಗಳು ಹರಿಯುತ್ತಿದ್ದವು. ಫ್ಲೈ, ಅಂದರೆ ನಾರಿನ ಧೂಳು, ಎದ್ದು ಟ್ಯೂಬ್‌ಲೈಟ್‌ಗಳೇ ಮಂಕಾಗಿದ್ದವು. ನಾನು ನೂಲನ್ನು ಸುತ್ತಿಸುವ ಪುಟ್ಟ ಕೊಂಡಿಯಾದ ಟ್ರಾವೆಲರ್ ಬದಲಿಸಿ, ಸ್ಪಿಂಡಲ್ ವೇಗವನ್ನು ಇಳಿಸಿ, ಕೊನೆಗೆ ರೋವಿಂಗ್‌ನ (ನೂಲಾಗುವ ಮೊದಲಿನ ದಪ್ಪ ಎಳೆಯ) ಟ್ವಿಸ್ಟ್ ಸರಿಯಿಲ್ಲವೆಂದು, ಅದನ್ನು ತಯಾರಿಸುವ ಸಿಂಪ್ಲೆಕ್ಸ್ ಯಂತ್ರದವರ ಮೇಲೆ ರೇಗಿದೆ. ಮಂಡ್ಯದ ಕಡೆಯಿಂದ ಬಂದು ನಮ್ಮಲ್ಲಿ ಬಹುಕಾಲದಿಂದ ಸೈಡರ್ (ಫ್ರೇಮಿನ ಎಳೆಗಳನ್ನು ನೋಡಿಕೊಳ್ಳುವ ಕೆಲಸಗಾರ್ತಿ) ಆಗಿರುವ ಅಕ್ಕ ಒಬ್ಬರು ಎರಡು ಸಲ ಬಂದು, "ಸಾರ್, ಮುಟ್ಟುದ್ರೆ ನಾರೆಲ್ಲ ಕೈಗೇ ಅಂಟ್ಕತದೆ, ಗಾಳೀಲಿ ನೀರಿಲ್ಲ" ಎಂದರು. ರಿಜಿಸ್ಟರಿನಲ್ಲಿ ಪ್ರತಿ ಗಂಟೆಗೂ ಆರ್‌ಎಚ್ (ಗಾಳಿಯ ಸಾಪೇಕ್ಷ ತೇವಾಂಶ) ಶೇಕಡಾ 63 ಎಂದು ಬರೆದಿತ್ತು. ನಾನು ಅದನ್ನೇ ಅವರಿಗೆ ತೋರಿಸಿ ಕಳುಹಿಸಿದೆ.

ಮೂರನೆಯ ಸಲ ಆಕೆ ಮಾತಾಡಲಿಲ್ಲ, ಕಂಬದಲ್ಲಿದ್ದ, ಒಂದು ಒಣ ಮತ್ತು ಒಂದು ಒದ್ದೆ ಬಲ್ಬಿನ ಥರ್ಮಾಮೀಟರುಗಳಿಂದ ತೇವಾಂಶ ಅಳೆಯುವ ಹೈಗ್ರೋಮೀಟರಿನ ಬಳಿಗೆ ನನ್ನನ್ನು ಕರೆದೊಯ್ದರು. ವೆಟ್ ಬಲ್ಬಿನ ಬತ್ತಿ ಫ್ಲೈ ಮೆತ್ತಿಕೊಂಡು ಬೂದು ಬಣ್ಣದ ಹಗ್ಗದಂತಾಗಿತ್ತು, ಕೆಳಗಿನ ಬಟ್ಟಲಿನಲ್ಲಿ ನೀರು ತಳ ಸೇರಿತ್ತು. ಡ್ರೈ 33 ಡಿಗ್ರಿ, ವೆಟ್ 27 ಡಿಗ್ರಿ ಎಂದು ತೋರಿಸುತ್ತಿದ್ದ ಆ ಉಪಕರಣಕ್ಕೆ ಹೊಸ ಬತ್ತಿ ಕಟ್ಟಿ ನೀರು ತುಂಬಿದಾಗ, ವೆಟ್ ಬಲ್ಬ್ ನಮ್ಮ ಕಣ್ಣೆದುರಿನಲ್ಲಿಯೇ 24ಕ್ಕೆ ಇಳಿಯಿತು. ಬತ್ತಿ ಒಣಗಿದ್ದರಿಂದ ವೆಟ್ ಬಲ್ಬ್ ತಣಿಯದೆ, ತೇವಾಂಶ ಹೆಚ್ಚಿರುವಂತೆ ತೋರಿಸಿತ್ತು; ಲೆಕ್ಕ ಹಾಕಿದರೆ ನಿಜವಾದ ಆರ್‌ಎಚ್ 47. ಕರೆಂಟ್ ಬಿಲ್ ಉಳಿಸಲೆಂದು ರಾತ್ರಿ ಹೊತ್ತು ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫಿಕೇಶನ್ ಪ್ಲಾಂಟಿನ ಒಂದು ಪಂಪನ್ನು ನಿಲ್ಲಿಸುವಂತೆ ಮೇಲಿನಿಂದ ಆದೇಶವಾಗಿದ್ದ ಸಂಗತಿ ನನಗೆ ತಿಳಿದದ್ದು ಆಗಲೇ.

ಹತ್ತಿಯಾಗಿದ್ದರೆ ಹೇಗೋ ನಡೆದುಹೋಗುತ್ತಿತ್ತು, ಏಕೆಂದರೆ ಹತ್ತಿ ಎಳೆದರೆ ಶೇಕಡಾ 6–7ರಷ್ಟು ಹಿಗ್ಗಿ ತಡೆದುಕೊಳ್ಳುತ್ತದೆ. ಹೆಂಪ್ ಹತ್ತಿಗಿಂತ ಗಟ್ಟಿಯಾದರೂ ಶೇಕಡಾ 2ರ ಆಸುಪಾಸಿನಲ್ಲಿಯೇ ತುಂಡಾಗುತ್ತದೆ, ಒಣಗಿದರೆ ಇನ್ನಷ್ಟು ಬಿರುಸಾಗುತ್ತದೆ. ಪಂಪ್ ಚಾಲೂ ಮಾಡಿಸಿದ ಮೇಲೆ ಬೆಳಗಿನ ಜಾವದ ಹೊತ್ತಿಗೆ ಫ್ರೇಮ್ ಹದಕ್ಕೆ ಬಂತು.

ಇದೇ ತೇವಾಂಶದ ವಿಷಯ ಪರ್ಚೇಸ್ ವಿಭಾಗದಲ್ಲಿ ಬೇರೊಂದು ವೇಷದಲ್ಲಿ ಕುಳಿತಿತ್ತು. ಬೇಲುಗಳು ಇನ್‌ವಾಯ್ಸ್‌ಗಿಂತ ಕಡಿಮೆ ತೂಗಿದವೆಂದು ಅವರು ಪೂರೈಕೆದಾರರಿಗೆ ಕ್ಲೇಮ್ ಪತ್ರ ಕಳುಹಿಸಿದ್ದರು. ವ್ಯಾಪಾರದ ತೂಕಕ್ಕೆ ಹತ್ತಿಯ ರೀಗೇನ್ (ಒಣ ನಾರಿನ ತೂಕಕ್ಕೆ ಸೇರಿಸಿ ಲೆಕ್ಕಿಸುವ ತೇವಾಂಶ) ಶೇಕಡಾ 8.5, ಹೆಂಪಿನದು 12. ನಮ್ಮ ಗೋದಾಮಿನ ಬಿಸಿಯಲ್ಲಿ ಒಣಗಿದ ಬೇಲನ್ನು ಹಾಗೆಯೇ ತೂಗಿ ಮೋಸವೆನ್ನುವುದು ಸರಿಯಲ್ಲವೆಂದು ನಾನು ನಾರನ್ನು ಪೂರ್ತಿ ಒಣಗಿಸಿ ತೂಗುವ ಓವನ್ ಡ್ರೈ ಟೆಸ್ಟಿನ ವರದಿ ಕೊಟ್ಟೆ. ಪತ್ರವನ್ನು ಹಿಂದಕ್ಕೆ ಪಡೆದರು, ಆದರೆ ತೇವಾಂಶ ಅಳೆಯುವ ಡಿಜಿಟಲ್ ಮೀಟರಿಗೆ ನಾನು ಹಾಕಿದ ಇಂಡೆಂಟನ್ನು (ಖರೀದಿ ಕೋರಿಕೆಯನ್ನು) ಮೂರು ಕೊಟೇಶನ್ ಇಲ್ಲವೆಂದು ವಾಪಸು ಕಳುಹಿಸಿದ್ದಾರೆ. ಬತ್ತಿಯನ್ನು ಈಗ ಶಿಫ್ಟಿಗೊಮ್ಮೆ ಆ ಅಕ್ಕನೇ ನೋಡುತ್ತಾರೆ, ಅದಕ್ಕೆ ಅಲೋಯನ್ಸ್ ಕೇಳಿದರೆ ಎಚ್‌ಆರ್‌ನವರು ಅದು ಅವರ ಡ್ಯೂಟಿ ಪಟ್ಟಿಯಲ್ಲಿಲ್ಲ ಎನ್ನುತ್ತಾರೆ.