‘ತಕ್ಕದ್ದು’ ಎಂಬ ಒಂದು ಮಾತಿಗೆ ಎರಡು ಗಂಟೆ

ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಪ್ರಾಣಿಶಾಸ್ತ್ರ ಲ್ಯಾಬಿನ ಬೆಂಚುಗಳನ್ನು ಸುತ್ತ ಎಳೆದು ಹಾಕಿದರೆ ಅದೇ ನಮ್ಮ ಜಿನೀವಾ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಮೇ ತಿಂಗಳಲ್ಲಿ ಅಲ್ಲಿ ಸೇರುತ್ತವಲ್ಲ, ಆ ಸಭೆಯ ಅಣಕನ್ನು ನಾವು ಶಿರಸಿಯ ಕಾಲೇಜಿನಲ್ಲಿ ನಡೆಸುತ್ತಿದ್ದೆವು. ಆಗ ಅಲ್ಲಿ 194 ದೇಶ, ಇಲ್ಲಿ ನಾವು 19 ಜನ. ದೇಶದ ಹೆಸರಿನ ಫಲಕಗಳನ್ನು ಹಳೆ ನೋಟ್‌ಬುಕ್ಕಿನ ರಟ್ಟಿನಿಂದ ಮಾಡಿದ್ದೆವು. ಹಿಡಿಕೆಗೆ ಅಡಿಕೆ ದಬ್ಬೆಯ ತುಂಡು.

ಮೇಡಂ ಹಾಕಿದ ನಿಯಮ ಒಂದೇ. ಮಾತಾಡುವಾಗ ‘ನಾನು’ ಅನ್ನುವಂತಿಲ್ಲ. ಅಂಕೋಲಾದ ಹುಡುಗಿ ಎದ್ದು ನಿಂತರೆ ‘ಬ್ರೆಜಿಲ್ ಇದನ್ನು ಒಪ್ಪುವುದಿಲ್ಲ’ ಅನ್ನಬೇಕು. ಕ್ಲಾಸಿನಲ್ಲಿ ಬಾಯಿಯೇ ಬಿಡದವರು ದೇಶದ ಹೆಸರು ಹಿಡಿದು ನಿಂತಾಗ ಎಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದರು!

ಎರಡನೇ ವರ್ಷ ನನಗೆ ಬಂದದ್ದು ಇಂಡೋನೇಷ್ಯಾ. ವಿಷಯ ಹಕ್ಕಿ ಜ್ವರ. ಫ್ಲೂ ಜ್ವರದ ವೈರಸ್ ಮಾದರಿಗಳನ್ನು ದೇಶಗಳು ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗಾಲಯಗಳ ಜಾಲಕ್ಕೆ ಕೊಡುವ ಪದ್ಧತಿ 1952ರಿಂದ ಇತ್ತು. 2007ರಲ್ಲಿ ಇಂಡೋನೇಷ್ಯಾದ ಆರೋಗ್ಯ ಸಚಿವೆ ಸಿತಿ ಫಾದಿಲಾ ಸುಪಾರಿ ಇನ್ನು ಕೊಡುವುದಿಲ್ಲ ಎಂದರು. ನಮ್ಮ ರೋಗಿಗಳ ಮಾದರಿ ಹಿಡಿದು ಬೇರೆ ದೇಶದವರು ಲಸಿಕೆ ಮಾಡುತ್ತಾರೆ, ನಮಗೆ ಅದನ್ನು ಕೊಳ್ಳುವ ಶಕ್ತಿ ಇಲ್ಲ, ಇದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆ. ಮಾದರಿ ತಡೆದರೆ ಇಡೀ ಜಗತ್ತಿಗೇ ಅಪಾಯ ಎಂಬುದು ಅಮೆರಿಕದ ವಾದ. ಎರಡರಲ್ಲೂ ಸತ್ಯ ಇತ್ತು. ಅದಕ್ಕೇ ಆ ಚರ್ಚೆ ನನಗೆ ಇವತ್ತಿಗೂ ಇಷ್ಟ.

ಕನ್ನಡದಲ್ಲೇ ನಿರ್ಣಯ ಬರೆಯಬೇಕಿತ್ತು. ‘ಲಸಿಕೆಯಲ್ಲಿ ಪಾಲು ಕೊಡತಕ್ಕದ್ದು’ ಎಂದು ನಾನು ಬರೆದೆ. ಅಮೆರಿಕ ಫಲಕ ಎತ್ತಿತು: ‘ಕೊಡಬಹುದು’ ಎಂದಾಗಲಿ. ಎರಡು ಗಂಟೆ ಅಷ್ಟರಲ್ಲೇ ಹೋಯಿತು. ನಡುವೆ ‘ಕೊಡಲು ಪ್ರಯತ್ನಿಸತಕ್ಕದ್ದು’ ಎಂದು ಯಾರೋ ತಂದರು. ಮೇಡಂ ಬೋರ್ಡಿನ ಮೇಲೆ ಮೂರನ್ನೂ ಬರೆದು, ‘ಲಸಿಕೆ ಬರಲಿಲ್ಲ ಅಂತಿಟ್ಟುಕೊಳ್ಳಿ. ಯಾವ ಸಾಲು ಹಿಡಿದು ಕೇಳ್ತೀರಿ?’ ಎಂದರು. ಲ್ಯಾಬ್ ತಣ್ಣಗಾಯಿತು. ಮತಕ್ಕೆ ಹಾಕಿದಾಗ ‘ಕೊಡಬಹುದು’ ಗೆದ್ದಿತು.

ಅಮೆರಿಕ ಆಗಿದ್ದವನು ಸಿದ್ದಾಪುರ ಕಡೆಯವನು. ಅಷ್ಟು ಚೆನ್ನಾಗಿ ವಾದಿಸಿದವನು ಬಸ್‌ಸ್ಟ್ಯಾಂಡಿನವರೆಗೂ ಸುಮ್ನೆ ನಡೆದ. ಆಮೇಲೆ ಹೇಳಿದ, ‘ನನ್ನ ದೊಡ್ಡಮ್ಮ ದರಕು (ಉದುರಿದ ಒಣ ಎಲೆ) ಗುಡಿಸಲಿಕ್ಕೆ ಬೆಟ್ಟಕ್ಕೆ ಹೋಗಿ ಮಂಗನ ಕಾಯಿಲೆ ಹತ್ತಿಸಿಕೊಂಡಳು ಮಾರಾಯ್ತಿ. ಉಣುಗು (ಉಣ್ಣಿ) ಕಚ್ಚಿದ್ದು ಗೊತ್ತೇ ಆಗಲಿಲ್ಲ. ರಕ್ತ ತೆಗೆದು ಕಳಿಸಿದರು. ಕಾಯಿಲೆ ಇದೇ ಅಂತ ಚೀಟಿ ಬಂತು. ಔಷಧಿ ಇಲ್ಲ ಅಂದರು.’

ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಕಾಯಿಲೆ ಅದು. ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಹೋಗಿದೆ. ಆ ವೈರಸ್ಸನ್ನೇ ಕೊಲ್ಲುವ ಔಷಧಿ ಇವತ್ತಿಗೂ ಇಲ್ಲ, ಆಸರೆಯ ಚಿಕಿತ್ಸೆ ಅಷ್ಟೇ. ದೊಡ್ಡಮ್ಮ ಉಳಿದಳು. ಆದರೆ ಅವತ್ತು ಅವನು ‘ಕೊಡಬಹುದು’ ಎಂದು ವಾದಿಸುವಾಗ ಎದೆಯಲ್ಲಿ ಏನಿತ್ತು ಅಂತ ನನಗೆ ಆಗ ಅರ್ಥವಾಯಿತು.

ಇಂಡೋನೇಷ್ಯಾದ ಜಗಳದಿಂದ ಶುರುವಾದ ಮಾತುಕತೆ 2011ರಲ್ಲಿ ಮಾದರಿಯನ್ನೂ ಲಸಿಕೆಯನ್ನೂ ಹಂಚಿಕೊಳ್ಳುವ ಒಂದು ಚೌಕಟ್ಟಾಯಿತು. ಆದರೆ ಅದು ಮಹಾಮಾರಿಯಾಗಬಲ್ಲ ಫ್ಲೂ ವೈರಸ್ಸಿಗೆ ಮಾತ್ರ. 2025ರ ಮೇ 20ರಂದು ಜಿನೀವಾದಲ್ಲಿ ಮಹಾಮಾರಿ ಒಪ್ಪಂದ ಅಂಗೀಕಾರವಾಯಿತು. ಹಿಂದಿನ ದಿನ ಸಮಿತಿಯಲ್ಲಿ ಪರ 124 ಮತ, ವಿರೋಧ ಒಂದೂ ಇಲ್ಲ, 11 ದೇಶ ತಟಸ್ಥ. ಸುದ್ದಿ ಓದಿ ಮೊದಲು ಫೋನ್ ಮಾಡಿದ್ದು ಸಿದ್ದಾಪುರದವನಿಗೆ.

‘ಮಾದರಿ ಕೊಟ್ಟವರ ಪಾಲಿನ ವಿಷಯ ಏನಾಯ್ತು?’ ಎಂದ.

‘ಅದನ್ನು ಬೇರೆ ಅನುಬಂಧಕ್ಕೆ ಬಿಟ್ಟಿದ್ದಾರೆ. ಮಾತುಕತೆ ಇನ್ನೂ ಬಾಕಿ’ ಎಂದೆ.

‘ತಕ್ಕದ್ದು ಅಂತ ಬರೀತಾರೋ, ಬಹುದು ಅಂತಲೋ ನೋಡ್ತಾ ಇರು’ ಎಂದ.